ಹೊಲಿಗೆ ಬಿಚ್ಚದೆ ಚಿನ್ನ ತೋರಿಸಿದ್ದು

ಹಳೆಯ ಪುಸ್ತಕ ರಿಪೇರಿಯ ಈ ಕೆಲಸಕ್ಕೆ ಹೊಸದಾಗಿ ಸೇರುವ ಹುಡುಗಿಯರು ಈಗಲೂ ಆಗೊಬ್ಬರು ಈಗೊಬ್ಬರು ಕ್ಯಾಲಿಫೋರ್ನಿಯಾದ ಯೂನಿಯನ್ ಸಿಟಿಯ ನಮ್ಮ ಮನೆ ಹುಡುಕಿಕೊಂಡು ಬರುತ್ತಾರೆ. ಕಾಫಿ ಕೈಗೆ ಕೊಡುವಷ್ಟರಲ್ಲಿ ಅವರ ಮೊದಲ ಪ್ರಶ್ನೆ ಬಂದುಬಿಡುತ್ತದೆ, ಅದೂ ಇಂಗ್ಲಿಷಿನಲ್ಲಿ: ಯಾವ ಥರದ ಗ್ಲವ್ಸು ಒಳ್ಳೆಯದು? ಗ್ಲವ್ಸೇ ಬೇಡ ಕಣಮ್ಮ, ಸೋಪು ಹಾಕಿ ಕೈ ತೊಳೆದು ಒರೆಸಿಕೋ ಸಾಕು ಅನ್ನುತ್ತೇನೆ. ಅವರಿಗೆ ನಂಬಿಕೆ ಬರುವುದಿಲ್ಲ. ಸಿನಿಮಾದಲ್ಲಿ ಬಿಳಿ ಗ್ಲವ್ಸು ತೊಟ್ಟು ಹಳೆಯ ಪುಸ್ತಕ ತಿರುವುವುದನ್ನು ನೋಡಿ ಬಂದವರು ಅವರು. ಬಟ್ಟೆ ಸುತ್ತಿದ ಬೆರಳಿಗೆ ಹಾಳೆಯ ಅಂಚು ತಿಳಿಯುವುದಿಲ್ಲ, ಬಿರುಕು ಬಿಟ್ಟ ಬಣ್ಣದ ಚಕ್ಕೆ ಗ್ಲವ್ಸಿನ ದಾರಕ್ಕೆ ಸಿಕ್ಕಿ ಎದ್ದುಬರುತ್ತದೆ. ನಾನು ಸೇರಿದಾಗ ಗ್ಲವ್ಸು ಕಡ್ಡಾಯ, ಬಿಡುವ ಹೊತ್ತಿಗೆ ಅದನ್ನು ಹಾಕಿಕೊಂಡವರನ್ನು ನಾನೇ ಬೈಯುತ್ತಿದ್ದೆ.

ನನ್ನ ಕೆಲಸ ಏನು ಅಂತ ನಮ್ಮ ಕನ್ನಡ ಕೂಟದವರಿಗೆ ಕೊನೆಯವರೆಗೂ ಸರಿಯಾಗಿ ಗೊತ್ತಾಗಲಿಲ್ಲ. ಎಲ್ಲರೂ ಕಂಪ್ಯೂಟರಿನವರೇ ಆಗಿದ್ದ ಕಾಲ. ಓಕ್ಲೆಂಡ್ ಗುಡ್ಡದ ಮೇಲಿನ ಒಂದು ಖಾಸಗಿ ಗ್ರಂಥಾಲಯದ ನೆಲಮಾಳಿಗೆಯಲ್ಲಿ ಕುಳಿತು, ಯುರೋಪಿನಲ್ಲಿ ಅಚ್ಚುಯಂತ್ರ ಬೇರೂರುವ ಮುಂಚೆ ಕೈಯಿಂದ ಬರೆದು ಬಣ್ಣ ಹಾಕಿದ ಪ್ರಾರ್ಥನಾ ಪುಸ್ತಕಗಳನ್ನು ರಿಪೇರಿ ಮಾಡುತ್ತೇನೆ ಅಂದರೆ, ಪಾಪ, ಇವಳಿಗೆ ಆಫೀಸಿನಲ್ಲಿ ಕೆಲಸ ಸಿಗಲಿಲ್ಲವೇನೋ ಎಂಬಂತೆ ನೋಡುತ್ತಿದ್ದರು. ನನಗೇನು ಬೇಜಾರಿರಲಿಲ್ಲ. ಮೈಸೂರಿನಲ್ಲಿ ನಮ್ಮಪ್ಪ ದೇವರ ಪಟಗಳಿಗೆ ಚಿನ್ನದ ಕೆಲಸ ಮಾಡುತ್ತಿದ್ದರು. ಕಿರೀಟ, ಸರ, ಪ್ರಭಾವಳಿಗೆಲ್ಲ ಬಿಳಿಯ ಪುಡಿಯನ್ನು ಅಂಟಿನಲ್ಲಿ ಕಲಸಿದ ಸರಿ ಹಚ್ಚಿ ಉಬ್ಬಿಸಿ, ಅದರ ಮೇಲೆ ಚಿನ್ನದ ರೇಕು ಕೂರಿಸಿ, ನುಣುಪು ಕಲ್ಲಿನಿಂದ ಉಜ್ಜುವುದು. ಸರಿ ಕಲಸುವುದು ಎಂಟನೆಯ ವಯಸ್ಸಿನಿಂದ ನನ್ನ ಪಾಲಿನ ಕೆಲಸ. ಗ್ರಂಥಾಲಯದಲ್ಲಿ ಮೊದಲ ಸಲ ಫ್ರಾನ್ಸಿನ ಒಂದು ಪ್ರಾರ್ಥನಾ ಪುಸ್ತಕದ ದೊಡ್ಡಕ್ಷರದ ಮೇಲಿನ ಉಬ್ಬು ಚಿನ್ನ ನೋಡಿದಾಗ, ಇದು ನಮ್ಮ ಮನೆಯ ಕೆಲಸವಲ್ಲವೇ ಅನ್ನಿಸಿ ಕಣ್ಣಲ್ಲಿ ನೀರು ಬಂತು.

ಆ ಸಂತೋಷದಲ್ಲಿ ಮಾಡಿದ ಅವಾಂತರವನ್ನೂ ಹೇಳಿಬಿಡುತ್ತೇನೆ. ನಮ್ಮ ಲ್ಯಾಬಿನ ಮುಖ್ಯಸ್ಥೆ ಮಾರ್ಗರೆಟ್ ಮೊದಲ ದಿನ ಒಂದು ಪುಟ್ಟ ಪುಸ್ತಕವನ್ನು ನನ್ನ ಎರಡು ಕೈಗೆ ಕೊಟ್ಟಳು. ದೇವರ ಪುಸ್ತಕ ಕೈಗೆ ಬಂದರೆ ನಾವೇನು ಮಾಡುತ್ತೇವೆ? ಯೋಚನೆ ಮಾಡುವ ಮುಂಚೆ ಎತ್ತಿ ಕಣ್ಣಿಗೊತ್ತಿಕೊಂಡೆ. ಹಣೆಯಲ್ಲಿ ನಮ್ಮತ್ತೆ ನಂಜನಗೂಡಿನಿಂದ ಕಳಿಸಿದ ಪುಡಿ ಕುಂಕುಮ. ಕೆಳಗಿಳಿಸಿ ನೋಡಿದರೆ ಪುಸ್ತಕದ ಹೊರಹಲಗೆಗೆ ಹೊದಿಸಿದ ಕಂದು ಚರ್ಮದ ಮೇಲೆ ಕೆಂಪಗೆ ಒಂದು ಬೊಟ್ಟು ಮೂಡಿತ್ತು. ಮಾರ್ಗರೆಟ್ ಕಿರುಚಲಿಲ್ಲ. ಅವಳು ಕಿರುಚುವ ಪೈಕಿ ಅಲ್ಲ, ತುಟಿ ಬಿಗಿದುಕೊಂಡರೆ ಅದೇ ಬೈಗುಳ. ಅರ್ಧ ದಿನ ಸೂಕ್ಷ್ಮದರ್ಶಕದ ಕೆಳಗೆ ಒಂದೊಂದೇ ಕಣವನ್ನು ಬ್ರಷ್ಷಿನಿಂದ ಎತ್ತಿಸಿದಳು. ಮರುದಿನದಿಂದ ನಾನು ಅಂಟಿಸುವ ಬಿಂದಿಗೆ ಬದಲಾದೆ. ಒಂದು ವಾರ ಬಿಟ್ಟು ಅವಳು ಆ ಬಿಂದಿಯ ಅಂಟು ಯಾವುದು, ಕಳಚಿ ಬೀಳುತ್ತದೆಯೇ ಎಂದು ವಿಚಾರಿಸಿದಳು. ಪುಣ್ಯಾತ್ಗಿತ್ತಿ, ನನ್ನ ಹಣೆಯನ್ನೂ ಪರೀಕ್ಷೆ ಮಾಡಿಯೇ ಬಿಟ್ಟಳು.

ಮನೆಯಲ್ಲಿ ಬೇರೆ ಕಷ್ಟ. ಈ ಪುಸ್ತಕಗಳ ಹಾಳೆ ಕಾಗದವಲ್ಲ, ಕರುವಿನ ಚರ್ಮ. ಸುಣ್ಣದಲ್ಲಿ ನೆನೆಸಿ, ಚೌಕಟ್ಟಿಗೆ ಎಳೆದು ಕಟ್ಟಿ, ಹೆರೆದು ತೆಳ್ಳಗೆ ಮಾಡಿದ್ದು. ನಮ್ಮತ್ತೆ ಆರು ತಿಂಗಳಿಗೆಂದು ಬಂದಿದ್ದಾಗ ಅವರಿಗೆ ದಪ್ಪ ಕಾಗದ ಎಂದು ಸುಳ್ಳು ಹೇಳಿದ್ದೆ. ಗ್ರಂಥಾಲಯದಲ್ಲಿ ಮನೆಯವರನ್ನು ಕರೆತರಬಹುದಾದ ದಿನ ಒಂದಿತ್ತು. ಆವತ್ತು ಮಾರ್ಗರೆಟ್ ಬಹಳ ಪ್ರೀತಿಯಿಂದ ಅತ್ತೆಗೆ ಹಾಳೆ ಮಾಡುವ ಬಗೆ ವಿವರಿಸಿದಳು, ನನ್ನ ಗಂಡ ಎಂಬ ಮಹಾನುಭಾವರು ಒಂದಕ್ಷರ ಬಿಡದೆ ಕನ್ನಡಕ್ಕೆ ತಂದರು. ಅಂದಿನಿಂದ ನಾನು ಕೆಲಸದಿಂದ ಬಂದವಳು ತಲೆಗೆ ಸ್ನಾನ ಮಾಡದೆ ಅಡುಗೆಮನೆಗೆ ಕಾಲಿಡುವಂತಿಲ್ಲ. ನೆಗಡಿ ಹತ್ತಿತು, ಕೆಮ್ಮು ಹತ್ತಿತು, ಅವರು ಕರಗಲಿಲ್ಲ. ಮೂರನೆಯ ವಾರ ಅವರೇ ಸೊಪ್ಪು ಬಿಡಿಸುತ್ತಾ ಕೇಳಿದರು: "ಆ ಕರು ಸತ್ತು ಎಷ್ಟು ವರ್ಷ ಆಗಿರಬೋದೇ?"

"ಐನೂರು ವರ್ಷ ಆಗಿರತ್ತೆ ಅತ್ತೆ."

"ಅಷ್ಟಾಗಿದ್ರೆ ಸೂತಕ ಕಳೆದಿರತ್ತೆ ಬಿಡು. ಕೈಕಾಲು ತೊಳ್ಕೊಂಡು ಒಳಗೆ ಬಾ."

ದಿನನಿತ್ಯದ ಕೆಲಸ ಎಂದರೆ ಮುಕ್ಕಾಲು ಪಾಲು ಕಾಯುವುದು. ಹಾಳೆ ಒಂದೊಂದು ಮಳೆಬಿಸಿಲಿಗೂ ಹಿಗ್ಗಿ ಕುಗ್ಗುತ್ತದೆ, ಮೇಲಿನ ನೀಲಿ ಬಣ್ಣಕ್ಕೆ ಅದು ಬರುವುದಿಲ್ಲ, ಬಿರುಕು ಬಿಟ್ಟು ಚಕ್ಕೆ ಏಳುತ್ತದೆ. ಆ ಚಕ್ಕೆಯ ಅಡಿಗೆ ಕೂದಲೆಳೆಯಂಥ ಬ್ರಷ್ಷಿನಿಂದ ತೆಳುವಾದ ಅಂಟು ಬಿಟ್ಟು, ಅದು ತಾನೇ ಹೀರಿಕೊಂಡು ಕೂರುವವರೆಗೆ ಉಸಿರು ಬಿಗಿಹಿಡಿದು ನೋಡುತ್ತಿರಬೇಕು. ನನಗಿಂತ ಹಿಂದಿನವರು ಇದೇ ಕೆಲಸಕ್ಕೆ ಆಗಿನ ಹೊಸ ರಾಸಾಯನಿಕ ಅಂಟು ಹಚ್ಚಿದ್ದರು. ಹಚ್ಚಿದಾಗ ಎಲ್ಲರೂ ಚಪ್ಪಾಳೆ ತಟ್ಟಿದ್ದರಂತೆ. ಆ ಅಂಟು ಹಳದಿಯಾಗಿ, ಬಿರುಸಾಗಿ, ಬಣ್ಣವನ್ನೂ ಕಿತ್ತುಕೊಂಡು ಬರುವುದನ್ನು ನಾನು ಕಣ್ಣಾರೆ ನೋಡಿದೆ. ಆಮೇಲೆ ನಾವು ಮೀನಿನ ಅಂಟಿಗೆ ಹಿಂದಿರುಗಿದೆವು. ಹೊಸದೆಂದರೆ ಬಾಯಿ ಬಿಡುವ ಚಟ ನನಗೆ ಅಲ್ಲಿಗೆ ಬಿಟ್ಟುಹೋಯಿತು. ಅದು ಬಿಟ್ಟಿದ್ದರಿಂದಲೇ ಮುಂದಿನ ಜಗಳಕ್ಕೆ ನಾನು ಎದೆಗೊಟ್ಟು ನಿಂತೆ.

ಡಾಟ್ ಕಾಮ್ ಜ್ವರದ ಕಾಲ ಅದು. ಬೇ ಏರಿಯಾದಲ್ಲಿ ಇಂಟರ್‌ನೆಟ್ಟಿಗೆ ಹಾಕದ ವಸ್ತು ವಸ್ತುವೇ ಅಲ್ಲ. ನಾಯಿಯ ಬಿಸ್ಕತ್ತಿಗೂ ಒಂದು ಕಂಪನಿ, ಅದರ ಹೆಸರು ಹೊತ್ತ ಟೀ ಶರಟು. ಎಮರಿವಿಲ್‌ನಲ್ಲಿ ಹಳೆಯ ಪುಸ್ತಕಗಳನ್ನೆಲ್ಲ ಸ್ಕ್ಯಾನ್ ಮಾಡಿ ಜಗತ್ತಿಗೆ ತೋರಿಸುವ ಒಂದು ಕಂಪನಿ ಎದ್ದಿತು. ನಮ್ಮ ಗ್ರಂಥಾಲಯದ ನಿರ್ದೇಶಕರು, ಒಳ್ಳೆಯ ಮನುಷ್ಯರೇ, ಅವರ ಬಲೆಗೆ ಬಿದ್ದರು. ಮೊದಲಿಗೆ ಆರಿಸಿಕೊಂಡದ್ದು ನಮ್ಮಲ್ಲಿನ ಅತಿ ಚೆಲುವಾದ ಪುಸ್ತಕವನ್ನೇ. ಅಂಗೈಯಗಲದ್ದು. ದಿನದ ಒಂದೊಂದು ಹೊತ್ತಿಗೆ ಒಂದೊಂದು ಪ್ರಾರ್ಥನೆ, ಹೊತ್ತಿಗೊಂದು ಚಿತ್ರ. ಅಂಚಿನಲ್ಲಿ ಬಳ್ಳಿ, ಸ್ಟ್ರಾಬೆರಿ, ಕೈಯಲ್ಲಿ ಓಡಿಸೋಣ ಅನ್ನಿಸುವಂಥ ನೊಣ, ಎಲೆಯ ಸಂದಿಯಲ್ಲೆಲ್ಲ ಉಬ್ಬು ಚಿನ್ನದ ಬೊಟ್ಟುಗಳು. ಅದೆಲ್ಲಕ್ಕಿಂತ ಹೆಚ್ಚಾಗಿ, ಅದರ ಹೊಲಿಗೆ ಮೊದಲಿನದೇ. ಇಂಥ ಪುಸ್ತಕಗಳನ್ನು ನಡುವೆ ಯಾರೋ ಒಬ್ಬರು ಬಿಚ್ಚಿ ಮತ್ತೆ ಕಟ್ಟಿಯೇ ಇರುತ್ತಾರೆ. ಇದನ್ನು ಯಾರೂ ಮುಟ್ಟಿರಲಿಲ್ಲ. ಹೊಲಿಗೆಯ ತುದಿ ಬಿಗಿಯಲು ಮರದ ಹಲಗೆಯ ತೂತಿನಲ್ಲಿ ಹೊಲಿದವನು ಬಡಿದ ಗೂಟ ಹಾಗೇ ಇತ್ತು.

ಕಂಪನಿಯಿಂದ ಸ್ಕ್ಯಾನಿಂಗ್ ನೋಡಿಕೊಳ್ಳಲು ಬಂದವಳು ಸವಿತಾ, ಮಂಡ್ಯದ ಹುಡುಗಿ, ಎಂಜಿನಿಯರು. ಬಂದ ದಿನವೇ ನನ್ನ ಬಿಂದಿ, ಮಾತಿನ ಧಾಟಿ ನೋಡಿ ಕನ್ನಡದವರಾ ಎಂದು ಕೇಳಿ ಆಂಟಿ ಎಂದು ಕರೆಯತೊಡಗಿದಳು. ನನಗೂ ಖುಷಿಯಾಯಿತು, ಎರಡು ದಿನದ ಮಟ್ಟಿಗೆ. ಮೂರನೆಯ ದಿನ ಅವಳ ವರದಿ ಬಂತು. ಪುಸ್ತಕ ಪೂರಾ ತೆರೆಯುವುದಿಲ್ಲ, ಹಾಳೆ ಸಪಾಟಾಗಿಲ್ಲದ್ದರಿಂದ ಚಿನ್ನವೆಲ್ಲ ಕೆಸರಿನ ಬಣ್ಣಕ್ಕೆ ಬರುತ್ತಿದೆ, ಹೊಲಿಗೆ ಬಿಚ್ಚಿ ಬಿಡಿ ಹಾಳೆಗಳನ್ನು ಎಮರಿವಿಲ್‌ಗೆ ಕಳಿಸಿದರೆ ಗಾಜಿನ ಕೆಳಗಿಟ್ಟು ಮಾಡಬಹುದು. ನಿರ್ದೇಶಕರು ಸರಿ ಎಂದು ಸಹಿ ಹಾಕಿಬಿಟ್ಟರು. ಬಿಚ್ಚುವ ಕೆಲಸ ನನ್ನ ಹೆಸರಿಗೇ ಬರೆದಿತ್ತು.

ನನಗೆ ತಲೆ ಕೆಟ್ಟುಹೋಯಿತು. ಸವಿತಾಳನ್ನು ಹಿಡಿದು ನಿಲ್ಲಿಸಿ ಕೇಳಿದೆ.

"ಹೊಲಿಗೆ ತಾನೆ ಆಂಟಿ? ಸ್ಕ್ಯಾನ್ ಆದ್ಮೇಲೆ ನೀವೇ ವಾಪಸ್ ಹೊಲಿದ್ರಾಯ್ತಪ್ಪ."

"ಹೊಲಿಯೋಕೆ ನಂಗೆ ಬರತ್ತೆ ಕಣಮ್ಮ. ಐನೂರು ವರ್ಷದ ಹಿಂದೆ ಹೊಲಿದವನ ಕೈ ಎಲ್ಲಿಂದ ತರಲಿ?"

ಅವಳು ಒಪ್ಪಲಿಲ್ಲ. ನಾನು ಮಾರ್ಗರೆಟ್ ಬಳಿ ಹೋಗಿ, ಈ ಕೆಲಸ ನಾನು ಮಾಡುವುದಿಲ್ಲ, ಬೇಕಾದರೆ ಮನೆಗೆ ಕಳಿಸಿ ಅಂದೆ. ನೀನು ಮನೆಗೆ ಹೋದರೆ ಹೊರಗಿನ ಯಾರನ್ನೋ ಕರೆಸುತ್ತಾರೆ, ಪುಸ್ತಕ ಹೇಗೂ ಉಳಿಯುವುದಿಲ್ಲ, ಸಿಟ್ಟನ್ನು ಪಕ್ಕಕ್ಕಿಟ್ಟು ದಾರಿ ಹುಡುಕು ಅಂದಳು. ಅವಳೇ ಮೇಲಕ್ಕೆ ಹೋಗಿ ನಿರ್ದೇಶಕರ ಹತ್ತಿರ ಹತ್ತು ದಿನ ಕೇಳಿಕೊಂಡು ಬಂದಳು. ಹತ್ತು ದಿನದಲ್ಲಿ, ಪುಸ್ತಕ ಬಿಚ್ಚದೆಯೇ ಚಿನ್ನ ಚಿನ್ನದಂತೆ ಕಾಣುವ ಒಂದು ಚಿತ್ರ ತೋರಿಸಬೇಕು. ತೋರಿಸಲಾಗದಿದ್ದರೆ ಹನ್ನೊಂದನೆಯ ದಿನ ಚಾಕು.

ಮೊದಲ ಮೂರು ದಿನ ವ್ಯರ್ಥ. ಪುಸ್ತಕ ತೆರೆಯುವಷ್ಟೇ ತೆರೆದು ಕೂರಲು ಫೋಮಿನ ತೊಟ್ಟಿಲು ಕತ್ತರಿಸಿ ಮಾಡಿದೆ. ಸವಿತಾ ತನ್ನ ಕಂಪನಿಯ ಕ್ಯಾಮೆರಾ ತಂದು ಮೇಲೆ ನಿಲ್ಲಿಸಿದಳು, ಎರಡೂ ಬದಿಗೆ ಸಮನಾದ ಬೆಳಕು ಹಾಕಿದಳು. ನೀಲಿ ನೀಲಿಯಾಗಿ ಬಂತು, ಕೆಂಪು ಕೆಂಪಾಗಿ ಬಂತು, ಚಿನ್ನ ಮಾತ್ರ ಹಳೆಯ ಬೆಲ್ಲದ ಅಚ್ಚು. ಬೆಳಕು ಹೆಚ್ಚಿಸಿದಳು, ತಗ್ಗಿಸಿದಳು. ಹೇಗೆ ಮಾಡಿದರೂ ಬೆಲ್ಲವೇ. ನೋಡಿ ಆಂಟಿ, ಸಪಾಟಾಗಿಲ್ಲ ಅದಕ್ಕೇ ಎಂದು ಪಾಠ ಒಪ್ಪಿಸಿದಂತೆ ಮತ್ತೆ ಮತ್ತೆ ಹೇಳುತ್ತಿದ್ದಳು. ನನಗೆ ಅವಳ ಜಡೆ ಹಿಡಿದು ಎಳೆಯಬೇಕು ಅನ್ನಿಸುತ್ತಿತ್ತು.

ಆ ವರ್ಷ ಕ್ಯಾಲಿಫೋರ್ನಿಯಾದಲ್ಲಿ ವಿದ್ಯುತ್ತಿನ ಅಭಾವ, ಊರೂರಿಗೆ ಸರದಿಯ ಮೇಲೆ ಕರೆಂಟ್ ತೆಗೆಯುತ್ತಿದ್ದರು. ನಾಲ್ಕನೆಯ ದಿನ ಮಧ್ಯಾಹ್ನ ಊಟವಾದ ಮೇಲೆ ನಮ್ಮ ಸರದಿ ಬಂತು. ನೆಲಮಾಳಿಗೆಗೆ ಕಿಟಕಿಯಿಲ್ಲ, ಗವ್ವೆನ್ನುವ ಕತ್ತಲು. ಪುಸ್ತಕವನ್ನು ಮುಚ್ಚಿ ಪೆಟ್ಟಿಗೆಗೆ ಹಾಕೋಣ ಎಂದು ನಾನು ಡ್ರಾಯರಿನಿಂದ ಟಾರ್ಚು ತೆಗೆದು ಹೊತ್ತಿಸಿ ಮೇಜಿನತ್ತ ನಡೆದೆ. ನಡೆಯುವಾಗ ಕೈ ಅಲುಗಿತು. ಪುಟದ ಮೇಲೆ ಮಿಂಚು ಹರಿಯಿತು. ಬಳ್ಳಿಯ ಈ ತುದಿಯ ಬೊಟ್ಟು ಹೊತ್ತಿಕೊಂಡು, ಪಕ್ಕದ್ದು ಹೊತ್ತಿಕೊಂಡು, ಆ ತುದಿಗೆ ಹೋಗಿ ಆರಿತು. ನಾನು ನಿಂತೆ, ಕೈಯೂ ನಿಂತಿತು. ಮತ್ತೆ ಬೆಲ್ಲ.

ಕತ್ತಲಲ್ಲಿ ಸವಿತಾಳ ದನಿ ಬಂತು, ಪಕ್ಕಾ ಮಂಡ್ಯದ ದನಿ: "ಆಂಟಿ, ಮಂಗಳಾರತಿ ಎತ್ತೋ ಹಂಗೆ ಇನ್ನೊಂದ್ಸಲಿ ಆಡ್ಸಿ."

ಎತ್ತಿದೆ. ಎಡದಿಂದ ಬಲಕ್ಕೆ, ನಿಧಾನವಾಗಿ, ಪೂಜೆಯಲ್ಲಿ ತಟ್ಟೆ ಆಡಿಸುವ ಹಾಗೆಯೇ. ಚಿನ್ನ ಎದ್ದು ಕೂತಿತು. ನಾವಿಬ್ಬರೂ ಒಂದೇ ಸಲ ನಕ್ಕೆವು. ಬಯಲುಸೀಮೆಯ ಯಾವ ದೇವಸ್ಥಾನದಲ್ಲಿ ನಿಂತವರಿಗೂ ಗೊತ್ತಿರುವ ವಿಷಯ: ಗರ್ಭಗುಡಿಯಲ್ಲಿ ದೀಪ ಸುಮ್ಮನೆ ಉರಿಯುತ್ತಿದ್ದಾಗ ಕಾಣದ ಒಡವೆ, ಆರತಿ ಸುತ್ತು ಬಂದಾಗ ಕಾಣುತ್ತದೆ. ನಮ್ಮಪ್ಪನ ಪಟಗಳ ಚಿನ್ನವೂ ಅಷ್ಟೇ. ಐನೂರು ವರ್ಷದ ಹಿಂದೆ ಈ ಪುಸ್ತಕ ಬರೆಸಿಕೊಂಡ ಯಾರೋ ಹೆಂಗಸೂ ಬೆಳಗಿನ ಜಾವ ಮೇಣದ ಬತ್ತಿಯ ಮುಂದೆ ಪುಸ್ತಕವನ್ನು ಕೈಯಲ್ಲಿ ಹಿಡಿದು ಆಚೀಚೆ ವಾಲಿಸುತ್ತಾ ಓದಿದವಳು. ಸಮನಾದ ಬೆಳಕನ್ನು ಅಲುಗದೆ ಹಾಕಿದರೆ ಚಿನ್ನ ಸಾಯುತ್ತದೆ, ಹಾಳೆ ಸಪಾಟಾಗಿರಲಿ ಇಲ್ಲದಿರಲಿ. ಇಷ್ಟು ಗೊತ್ತಿದ್ದೂ ಮೂರು ದಿನ ಹೊಳೆಯಲಿಲ್ಲವಲ್ಲ ಎಂದು ನನ್ನ ಮೇಲೇ ನನಗೆ ಸಿಟ್ಟು ಬಂತು.

ಕರೆಂಟು ಬಂದ ಕೂಡಲೇ ಪ್ರಯೋಗ ಮಾಡಿದೆವು, ಅಲ್ಲೂ ಪೆಟ್ಟು ಬಿತ್ತು. ಕಂಪನಿಯ ಕ್ಯಾಮೆರಾ ಪುಟವನ್ನು ಒಂದು ಗೆರೆ, ಆಮೇಲೆ ಇನ್ನೊಂದು ಗೆರೆ ಹೀಗೆ ನಿಧಾನಕ್ಕೆ ಓದುವಂಥದ್ದು. ಅದು ಓದುವಾಗ ಬೆಳಕು ಓಡಾಡಿದರೆ ಪುಟದ ತುಂಬ ಹುಲಿಪಟ್ಟೆ. ಸವಿತಾ ತಲೆ ಮೇಲೆ ಕೈ ಹೊತ್ತು ಕೂತಳು. ಮಾರ್ಗರೆಟ್ ಎದ್ದುಹೋಗಿ ಬೀರುವಿನ ತಳದಿಂದ ತನ್ನ ಹಳೆಯ ಫಿಲಂ ಕ್ಯಾಮೆರಾ ತಂದು ಮೇಜಿನ ಮೇಲಿಟ್ಟಳು. ಷಟರಿನ ಬಾಗಿಲು ತೆರೆದಿಟ್ಟರೆ ಎಷ್ಟು ಸೆಕೆಂಡು ಬೇಕಾದರೂ ಬೆಳಕನ್ನು ಒಟ್ಟಿಗೆ ಹೀರಿಕೊಳ್ಳುವ ಯಂತ್ರ. ಹೊಸದನ್ನು ಮಾರಲು ಬಂದವಳು ಹಳೆಯದಕ್ಕೆ ಫಿಲಂ ತುಂಬಿದಳು.

ಕತ್ತಲು ಮಾಡಿಕೊಂಡು ಸವಿತಾ ಕನ್ನಡದಲ್ಲಿ ಒಂದು ಎರಡು ಮೂರು ಎಣಿಸುವುದು, ನಾನು ಆರತಿ ಎತ್ತುವುದು. ಫಿಲಂ ತೊಳೆಸಿ ತರಲು ಎರಡು ದಿನ. ಮೊದಲ ಸುರುಳಿ ಬಂತು: ಚಿನ್ನವೆಲ್ಲ ಬಿಳಿ ಬಿಳಿ ಕಲೆ, ಟಾರ್ಚು ಜೋರಾಯಿತು. ಹಾಳೆ ಹರಿದಲ್ಲಿ ಅಂಟಿಸುವ ಜಪಾನಿ ಕಾಗದದ ತುಂಡನ್ನು ಟಾರ್ಚಿನ ಮುಖಕ್ಕೆ ಕಟ್ಟಿದೆ. ಎರಡನೆಯ ಸುರುಳಿ ಬಂದಾಗ ಎಂಟನೆಯ ದಿನ. ಚಿನ್ನ ಬಂದಿತ್ತು, ಆದರೆ ನನ್ನ ಕೈ ಮಧ್ಯದಲ್ಲಿ ತಡೆದು, ಒಂದು ಕಡೆ ಸುಟ್ಟಂತೆ, ಇನ್ನೊಂದು ಕಡೆ ಮಂಕು. ಮೂರನೆಯ ಸುರುಳಿ ತೊಳೆಸಲು ಕೊಟ್ಟ ಮೇಲೆ ನನಗೆ ಊಟ ಸೇರಲಿಲ್ಲ. ಅದು ಕೈಗೆ ಬರುವುದು ಹತ್ತನೆಯ ದಿನ ಬೆಳಗ್ಗೆ, ಮೀಟಿಂಗಿನ ದಿನವೇ. ಅದೂ ಕೆಟ್ಟರೆ ಇನ್ನೊಂದಕ್ಕೆ ಸಮಯವಿಲ್ಲ. ಆ ಎರಡು ದಿನ ಚಾಕುಗಳ ಡ್ರಾಯರಿನ ಕಡೆ ನಾನು ತಿರುಗಿ ನೋಡಲಿಲ್ಲ. ನಡುವೆ ಸವಿತಾ ನಮ್ಮಲ್ಲಿದ್ದ ಬೇರೊಂದು ಪುಸ್ತಕದ ಬಿಡಿ ಹಾಳೆ ಕೇಳಿ, ಅದರ ಮೇಲೆ ತನ್ನ ಕ್ಯಾಮೆರಾದಲ್ಲೇ ಏನೋ ಪರೀಕ್ಷೆ ಮಾಡಿಕೊಂಡಳು. ಏನೆಂದು ಹೇಳಲಿಲ್ಲ.

ಮೀಟಿಂಗಿನಲ್ಲಿ ಒಂದು ಕಡೆ ನಿರ್ದೇಶಕರು, ಇನ್ನೊಂದು ಕಡೆ ಸ್ಯಾಂಡಲ್ಸು ಹಾಕಿಕೊಂಡ ಕಂಪನಿಯ ಯಜಮಾನ. ಸವಿತಾ ಮೊದಲು ತನ್ನ ಕ್ಯಾಮೆರಾದ ಚಿತ್ರವನ್ನು ಗೋಡೆಯ ಮೇಲೆ ಹಾಕಿದಳು. ಕಂದು ಬೊಟ್ಟುಗಳು. ಆಮೇಲೆ ಆವತ್ತು ಬೆಳಗ್ಗೆ ಬಂದ ಮೂರನೆಯ ಸುರುಳಿಯದು. ಅದನ್ನು ನಾನೂ ಅಷ್ಟು ದೊಡ್ಡದಾಗಿ ಆಗಲೇ ಮೊದಲು ನೋಡಿದ್ದು. ಗೋಡೆ ಬೆಳಗಿತು ಅಂದರೆ ಹೆಚ್ಚಲ್ಲ. ಒಂದೊಂದು ಬೊಟ್ಟಿನ ಉಬ್ಬು, ಕಲ್ಲಿನಿಂದ ಉಜ್ಜಿದವನ ಗೀರು, ಒಂದು ಕಡೆ ರೇಕು ಸಾಲದೆ ತೇಪೆ ಹಾಕಿದ್ದು ಕೂಡ ಕಾಣುತ್ತಿತ್ತು. ನಿರ್ದೇಶಕರು ಕುರ್ಚಿಯಿಂದ ಎದ್ದು ಗೋಡೆಯ ಹತ್ತಿರ ಹೋಗಿ ಕನ್ನಡಕ ತೆಗೆದು ನಿಂತರು.

ಯಜಮಾನ ಒಪ್ಪಲಿಲ್ಲ. ಚಿತ್ರ ಚೆನ್ನಾಗಿದೆ, ಆದರೆ ಒಂದು ಪುಟಕ್ಕೆ ಹೀಗೆ ಅರ್ಧ ಗಂಟೆ ಹಿಡಿದರೆ ಜಗತ್ತಿನ ಪುಸ್ತಕಗಳು ಮುಗಿಯುವುದು ಯಾವಾಗ, ಬಿಚ್ಚಿ ಕೊಟ್ಟರೆ ನಮ್ಮ ಯಂತ್ರ ಮಧ್ಯಾಹ್ನದೊಳಗೆ ಮುಗಿಸುತ್ತದೆ ಎಂದ. ನಾನು ಬಾಯಿ ತೆರೆಯುವಷ್ಟರಲ್ಲಿ ಸವಿತಾ ಮೂರನೆಯ ಚಿತ್ರ ಹಾಕಿದಳು. ಆ ಬಿಡಿ ಹಾಳೆ. ಗಾಜಿನ ಕೆಳಗೆ ನೀಟಾಗಿ ಸಪಾಟಾಗಿ ಮಲಗಿದೆ, ಚಿನ್ನ ಮಾತ್ರ ಅಪ್ಪಟ ಬೆಲ್ಲ. ತನ್ನ ಯಜಮಾನನ ಮುಖ ನೋಡಿಕೊಂಡೇ ಅವಳು ಇಂಗ್ಲಿಷಿನಲ್ಲಿ ಹೇಳಿದಳು: ನನ್ನ ವರದಿ ತಪ್ಪು. ಬಿಚ್ಚಿದರೂ ನಮ್ಮ ಯಂತ್ರಕ್ಕೆ ಈ ಚಿನ್ನ ಕಾಣುವುದಿಲ್ಲ. ಪುಸ್ತಕ ಹಾಳಾಗುತ್ತದೆ, ಚಿತ್ರವೂ ಸಿಗುವುದಿಲ್ಲ.

ಕೆಲಸ ಹೋಗಬಹುದು ಎಂದು ಗೊತ್ತಿದ್ದೂ ಹೇಳಿದಳು ಹುಡುಗಿ. ವಾರದ ಹಿಂದೆ ಜಡೆ ಎಳೆಯಬೇಕೆನ್ನಿಸಿದ್ದ ನನಗೆ ಎದ್ದು ಹೋಗಿ ತಬ್ಬಿಕೊಳ್ಳೋಣ ಅನ್ನಿಸಿತು.

ನಿರ್ದೇಶಕರು ಮಾರ್ಗರೆಟ್ ಕಡೆ ತಿರುಗಿದರು. ಅವಳು ಹೆಚ್ಚು ಮಾತಾಡಲಿಲ್ಲ. ಚಿನ್ನ ಕೂರಿಸುವುದನ್ನು ಚಿಕ್ಕಂದಿನಿಂದ ಕಲಿತವಳು ಈ ಕಟ್ಟಡದಲ್ಲಿ ಇವಳೊಬ್ಬಳೇ, ಇವಳ ಮಾತು ಕೇಳದೆ ನೀವು ಸಹಿ ಹಾಕಬಾರದಿತ್ತು, ನಾನು ಹಾಕಲು ಬಿಡಬಾರದಿತ್ತು, ಅಷ್ಟೇ. ಅಷ್ಟು ವರ್ಷದಲ್ಲಿ ಅವಳ ಬಾಯಿಂದ ನಾನು ಕೇಳಿದ ಹೊಗಳಿಕೆ ಅದೊಂದೇ. ನಿರ್ದೇಶಕರು ಆದೇಶದ ಕಾಗದ ತರಿಸಿ, ಬಿಚ್ಚುವ ಸಾಲಿನ ಮೇಲೆ ಎರಡು ಸಲ ಗೀಟು ಹಾಕಿ, ಮತ್ತೆ ಸಹಿ ಮಾಡಿದರು. ಹೊರಗಿನ ಕಾರಿಡಾರಿಗೆ ಬಂದ ಮೇಲೆ ನಾನು, ಐವತ್ತು ದಾಟಿದ ಹೆಂಗಸು, ಸೀರೆ ಸೆರಗು ಸಿಕ್ಕಿಸಿಕೊಂಡು ಒಂದು ಸುತ್ತು ಕುಣಿದೆ. ನೋಡಿದವರು ನೋಡಿಕೊಳ್ಳಲಿ ಅಂದುಕೊಂಡೆ.

ಸವಿತಾಳ ಕೆಲಸ ಹೋಗಲಿಲ್ಲ. ವಾರಕ್ಕೆರಡು ದಿನ ಬಂದು ಎಣಿಸಿದಳು, ನಾನು ಎತ್ತಿದೆ. ಇಡೀ ಪುಸ್ತಕ ಮುಗಿಯಲು ತಿಂಗಳುಗಳೇ ಹಿಡಿದವು, ನನ್ನ ಬಲಭುಜ ಶಾಶ್ವತವಾಗಿ ಹಿಡಿದುಕೊಂಡಿತು. ಆಮೇಲೆ ಬೇರೆ ಗ್ರಂಥಾಲಯದವರು ನೋಡಿ ಕಲಿಯಲು ಬಂದರು. ಅವರಿಗೆಲ್ಲ ನಾನು ಮೊದಲು ಖಾಲಿ ತಟ್ಟೆ ಕೊಟ್ಟು ಆಡಿಸುವುದನ್ನು ಕಲಿಸಿದೆ.

ಕೊನೆಯ ಪುಟ ಮುಗಿದು ಒಂದು ತಿಂಗಳಾಗಿರಬೇಕು, ಬೆಳಗ್ಗೆ ಹತ್ತು ಗಂಟೆಗೆ ಸವಿತಾ ಲ್ಯಾಬಿಗೆ ಫೋನ್ ಮಾಡಿದಳು. ಹಿಂದೆ ಕಾರುಗಳ ಸದ್ದು, ಬೀದಿಯಲ್ಲಿ ನಿಂತಿದ್ದಾಳೆಂದು ಗೊತ್ತಾಯಿತು. ಕಂಪನಿ ಮುಳುಗಿತ್ತು. ಆಫೀಸಿಗೆ ರಾತ್ರೋರಾತ್ರಿ ಬೀಗ ಬಿದ್ದು ಯಾರನ್ನೂ ಒಳಗೆ ಬಿಡುತ್ತಿರಲಿಲ್ಲ. ಒಳಗೆ ಬೇರೆ ಊರಿನ ಸಂಗ್ರಹಗಳವರು ಬಿಚ್ಚಿ ಕಳಿಸಿದ್ದ ಪುಸ್ತಕಗಳ ಹಾಳೆಗಳು ಪೆಟ್ಟಿಗೆಗಟ್ಟಲೆ, ಯಾವುದು ಯಾರದೆಂದು ಹೇಳುವವರಿಲ್ಲದೆ ದಿಕ್ಕಿಲ್ಲದಂತೆ ಬಿದ್ದಿದ್ದವು. ಅವಳು ಅಳುತ್ತಿದ್ದಳು, ತನ್ನ ಕೆಲಸಕ್ಕಲ್ಲ.

"ಆಂಟಿ, ನಿಮ್ಮ ಪುಸ್ತಕ?"

ನಾನು ಫೋನನ್ನು ಮೇಜಿನ ಮೇಲಿಟ್ಟು ಉಗ್ರಾಣಕ್ಕೆ ಹೋದೆ. ಪೆಟ್ಟಿಗೆ ತೆರೆದು, ಪುಸ್ತಕವನ್ನು ತೊಟ್ಟಿಲಲ್ಲಿಟ್ಟು, ನಡುವಿನ ಮಡಿಕೆಗೆ ಬಗ್ಗಿ ಆ ದಾರವನ್ನು ಈ ತುದಿಯಿಂದ ಆ ತುದಿಗೆ ನೋಡಿದೆ. ಬಿಗಿಯಾಗಿತ್ತು. ಬಂದು ಫೋನೆತ್ತಿಕೊಂಡೆ.

"ಇಲ್ಲೇ ಇದೆ ಕಣೆ. ಇಡಿಯಾಗಿದೆ."